ಅರಮನೆಯಲ್ಲಿ ಮದುವೆ: ಬಾಡಿಗೆಯ ಜತೆ ಸವಕಳಿಯ ಲೆಕ್ಕವೂ ಇರಲಿ

ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಕಲ್ಯಾಣ ಮಂಟಪದ ಹೆಸರಿರುತ್ತಿದ್ದ ಜಾಗದಲ್ಲಿ ಈಗ ಅರಮನೆಯ ಹೆಸರೂ ಕಾಣಿಸಿಕೊಳ್ಳುತ್ತಿದೆ. ಹೈದರಾಬಾದಿನಲ್ಲಿ ಹಣವಂತರ ಮನೆಯ ಆರತಕ್ಷತೆಗೂ ಕಂಪೆನಿಗಳ ಔತಣಕೂಟಕ್ಕೂ ನಿಜಾಮರ ಕಾಲದ ಕಟ್ಟಡವೇ ಬೇಕು. ಹಿಂದಿ ಚಿತ್ರನಟ ಸಲ್ಮಾನ್ ಖಾನ್ ಅವರ ತಂಗಿಯ ಮದುವೆ 2014ರ ನವೆಂಬರ್‌ನಲ್ಲಿ ಅಲ್ಲಿನ ಫಲಕ್‌ನುಮಾ ಅರಮನೆಯಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ಫಲಕ್‌ನುಮಾ 2010ರಿಂದ ತಾಜ್ ಸಮೂಹದ ಹೋಟೆಲು. ಅಲ್ಲಿ ಮದುವೆ ಮಾಡಿಸುವುದು ಅವರ ವ್ಯಾಪಾರ. ಯೋಚಿಸಬೇಕಾದದ್ದು ಚಾರ್‌ಮಿನಾರ್ ಸಮೀಪದ ಚೌಮಹಲ್ಲಾದಂತಹ ಅರಮನೆಗಳ ಬಗ್ಗೆ. ಅದು ಶುಕ್ರವಾರ ಬಿಟ್ಟು ಉಳಿದ ದಿನ ಜನ ಟಿಕೆಟ್ ಕೊಂಡು ನೋಡುವ ಸಂಗ್ರಹಾಲಯ. ಜತೆಗೆ ಖಾಸಗಿ ಸಮಾರಂಭಗಳಿಗೆ ದೊರೆಯುವ ಜಾಗವೂ ಹೌದು. 2025ರ ಮೇ ತಿಂಗಳಲ್ಲಿ ವಿಶ್ವಸುಂದರಿ ಸ್ಪರ್ಧಿಗಳಿಗೆ ಔತಣ ನೀಡಿದ್ದೂ ಅಲ್ಲಿಯೇ.

18ನೇ ಶತಮಾನದಲ್ಲಿ ಆರಂಭವಾದ ಈ ಅರಮನೆ ಅಸಫ್ ಜಾಹಿ ಅರಸರ ದರ್ಬಾರು ನಡೆಯುತ್ತಿದ್ದ ಸ್ಥಳ. ಬೀದರ್, ಗುಲ್ಬರ್ಗ, ರಾಯಚೂರು 1948ರ ತನಕ ಅದೇ ಸಂಸ್ಥಾನದಲ್ಲಿದ್ದವು. ಆ ಕಡೆಯ ರೈತರ ಕಂದಾಯವೂ ಆ ಬೊಕ್ಕಸವನ್ನೇ ಸೇರುತ್ತಿತ್ತು. ಹೀಗಾಗಿ ಹೈದರಾಬಾದ್ ಕನ್ನಡಿಗರಿಗೆ ಇದು ಪರರ ಮನೆಯೇನೂ ಅಲ್ಲ. ಹಾಳುಬಿದ್ದಿದ್ದ ಕಟ್ಟಡವನ್ನು ನಿಜಾಮರ ಮನೆತನದ ರಾಜಕುಮಾರಿ ಎಸ್ರಾ ಅವರ ಮುತುವರ್ಜಿಯಿಂದ ಜೀರ್ಣೋದ್ಧಾರ ಮಾಡಲಾಯಿತು. 2010ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಯೂ ಬಂತು.

ಪ್ರಶಸ್ತಿ ಬಂದ ಮೇಲೂ ಮಳೆಗಾಲ ಬರುತ್ತದೆ. ಕಟ್ಟಡ ಕಟ್ಟುವಾಗ ದಾನಿಗಳು ಸಿಗುತ್ತಾರೆ, ಅಮೃತಶಿಲೆಯ ಫಲಕದಲ್ಲಿ ಹೆಸರೂ ಏರುತ್ತದೆ. ಹತ್ತು ವರ್ಷಗಳ ಬಳಿಕ ತಾರಸಿ ಸೋರಿದಾಗ ಚಂದಾ ಪುಸ್ತಕ ಹಿಡಿದು ಹೋದರೆ ಬಾಗಿಲು ತೆರೆಯುವವರು ಕಡಿಮೆ. ಸ್ವಂತ ಕಟ್ಟಡವಿರುವ ಕನ್ನಡ ಸಂಘಗಳ ಖಜಾಂಚಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಹೂರ್ತದ ದಿನಗಳ ಬಾಡಿಗೆಯಿಂದಲೇ ಎಷ್ಟೋ ಕಡೆ ಗ್ರಂಥಾಲಯವೂ ನಾಟಕ, ಯಕ್ಷಗಾನಗಳೂ ನಡೆಯುತ್ತಿವೆ. ಆದ್ದರಿಂದ ಅರಮನೆಯಲ್ಲಿ ಮದುವೆ ಎಂದೊಡನೆ ಪರಂಪರೆಗೆ ಅಪಚಾರವಾಯಿತೆಂದು ಕೂಗುವುದು ಸರಿಯಲ್ಲ. ಬೀಗ ಹಾಕಿಟ್ಟ ಅರಮನೆಯನ್ನು ಗೆದ್ದಲು ಬಾಡಿಗೆ ಕೊಡದೆಯೇ ಬಳಸಿಕೊಳ್ಳುತ್ತದೆ.

ಆದರೆ ಬಾಡಿಗೆ ಪೂರ್ತಿ ಲಾಭವಲ್ಲ. ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಬರೆಯುವಂತೆ ಇಲ್ಲಿಯೂ ಬರೆಯಬೇಕು. ಸುಣ್ಣದ ಗಾರೆಗೆ ಡೆಕೊರೇಟರನ ಒಂದು ಮೊಳೆ ಹೊಡೆದರೆ ಸುತ್ತಲಿನ ಗಾರೆಯೂ ಸಡಿಲಗೊಳ್ಳುತ್ತದೆ. ಹೊಗೆ ಅಂಟಿದ ಗೋಡೆಯನ್ನು ಉಜ್ಜಿದರೆ ಹಳೆಯ ಬಣ್ಣವೂ ಕೂಡಿಯೇ ಹೋಗುತ್ತದೆ. ಚೌಮಹಲ್ಲಾದ ದರ್ಬಾರ್ ಹಾಲಿನಲ್ಲಿ 19 ಬೆಲ್ಜಿಯಂ ಗಾಜಿನ ತೂಗುದೀಪಗಳಿವೆ. ಅಂತಹದರಲ್ಲಿ ಒಂದು ಬಿದ್ದರೆ ಯಾವ ಡಿಪಾಜಿಟ್ ಸಾಕಾದೀತು?

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಈ ವಿಷಯದಲ್ಲಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋದದ್ದು ರಾಜಕುಮಾರಿ ಜಯಲಕ್ಷಮ್ಮಣ್ಣಿ ಅವರ ಮದುವೆಯ ಸಂದರ್ಭದಲ್ಲಿ. ಈಗ ದಸರೆಗೆ ದೀಪಾಲಂಕಾರ ಮಾಡುವುದು ಆಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಗೆ. ಅದಕ್ಕೆ ಆಗಿನ ಕಾಲದಲ್ಲೇ 41 ಲಕ್ಷ ರೂಪಾಯಿಗೂ ಹೆಚ್ಚು ಖರ್ಚಾಗಿತ್ತು. ಅದು ಅರಸರ ಸ್ವಂತ ಮನೆ, ಮನೆಮಗಳ ಮದುವೆ, ಕೈಕಾಲಿಗೆ ಆಳುಗಳು. ಒಂದು ರಾತ್ರಿಗೆ ಬಾಡಿಗೆ ತೆತ್ತು ಬರುವವರಲ್ಲಿ ಅಷ್ಟಾದರೂ ಎಚ್ಚರವನ್ನು ನಿರೀಕ್ಷಿಸಬಹುದೇ?

ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಔತಣ, ಆರತಕ್ಷತೆ ನಡೆಸಲು 1959ರ ನಿಯಮಾವಳಿಯಂತೆ ಕೇಂದ್ರ ಸರಕಾರದ ಲಿಖಿತ ಅನುಮತಿ ಬೇಕು. ಟ್ರಸ್ಟ್ ಅಥವಾ ಖಾಸಗಿಯವರ ಕೈಯಲ್ಲಿರುವ ಅರಮನೆಗಳಲ್ಲಿ ಬಾಡಿಗೆಯ ಕರಾರು ಬರೆಯುವ ಮಾಲಕರೇ ಬಿಗಿಯಾಗಿರಬೇಕು. ಮಂಟಪ, ಊಟ ಎಲ್ಲವೂ ಅಂಗಳದಲ್ಲಿರಲಿ, ದರ್ಬಾರ್ ಹಾಲನ್ನು ದೂರದಿಂದ ನೋಡಿ ಸಂತೋಷಪಡಲಿ. ಮದುವೆಯಿದೆ ಎಂದು ಟಿಕೆಟ್ ಕೊಂಡು ಬಂದವರನ್ನು ಗೇಟಿನಿಂದ ಹಿಂದಕ್ಕೆ ಕಳುಹಿಸುವುದು ಬೇಡ. ವರ್ಷಕ್ಕೊಮ್ಮೆ ಎಷ್ಟು ಬಾಡಿಗೆ ಬಂತು, ಅದರಲ್ಲಿ ಎಷ್ಟು ದುರಸ್ತಿಗೆ ಹೋಯಿತು ಎಂಬುದನ್ನು ಟಿಕೆಟ್ ಕಿಟಕಿಯ ಪಕ್ಕದಲ್ಲಿಯೇ ಅಂಟಿಸಲಿ. ಹೋಮವಿದ್ದರೆ ಬಯಲಿನಲ್ಲಿ, ಪಕ್ಕದಲ್ಲಿ ನೀರಿನ ವ್ಯವಸ್ಥೆಯೊಂದಿಗೆ. ಪಟಾಕಿ ಬೇಡವೇ ಬೇಡ. ಒಲೆಗಳು ಕಂಪೌಂಡಿನ ಹೊರಗಿರಲಿ, ಅಡುಗೆ ಅಲ್ಲಿಂದ ಬರಲಿ. ಇದಕ್ಕೆ ಒಪ್ಪದ ಕೇಟರಿಂಗ್‌ನವರಿಗೆ ಊರಿನಲ್ಲಿ ಬೇರೆ ಹಾಲ್‌ಗಳು ಬೇಕಾದಷ್ಟಿವೆ.