ನಲವತ್ತರ ಕುದುರೆಗೆ ಹತ್ತರಲ್ಲೇ ಉಪವಾಸ ಯಾಕೆ ಸ್ವಾಮಿ?

ಇಲ್ಲಿ ಬರೆದು ತುಂಬಾ ದಿನ ಆಗಿತ್ತು. ಇವತ್ತು ಬರೆಸ್ತಾ ಇರೋದು ಶುದ್ಧ ಸಿಟ್ಟು. ಹಾಗಾಗಿ ಮಾತು ಸ್ವಲ್ಪ ಖಾರ ಆದ್ರೆ ಹೊಟ್ಟೆಗೆ ಹಾಕ್ಕೊಳ್ಳಿ :-)

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಆಡೋಕೆ ಹೊಸಬರು ಯಾರಾದ್ರೂ ಬಂದು "ಕೈಯಲ್ಲಿ ನಾಲ್ಕು ಕಾಸು ಆಗಿದೆ, ಮೊದಲು ಏನು ಕೊಳ್ಳಲಿ?" ಅಂತ ಕೇಳಿದ್ರೆ ಸಾಕು, ಗಿಲ್ಡಿನ ಹಿರಿಯರೊಬ್ಬರು ತಕ್ಷಣ ಹಾಜರ್. ಉತ್ತರ ಕಂಠಪಾಠ: "ಏನೂ ಕೊಳ್ಳಬೇಡ. ಒಂದು ಕಾಪರ್ ಕೂಡ ಬಿಚ್ಚಬೇಡ. ಎಲ್ಲಾ ಮೌಂಟಿಗೆ ಕೂಡಿಡು." ಕೇಳಿದವನು ಪಾಪ ತಲೆಯಾಡಿಸಿ ಹೋಗ್ತಾನೆ. ಆಮೇಲೆ ಹದಿನೈದು, ಹದಿನೆಂಟನೇ ಲೆವೆಲ್ ಹೊತ್ತಿಗೆ ಆಟವೇ ಬೇಜಾರು ಅಂತ ಬಿಟ್ಟು ಹೋಗ್ತಾನೆ. ಆಗ ಇದೇ ಹಿರಿಯರು "ಈಗಿನ ಹುಡುಗರಿಗೆ ತಾಳ್ಮೆ ಇಲ್ಲ" ಅಂತಾರೆ!

ಈ ಆಟದ ಗಂಧಗಾಳಿ ಇಲ್ಲದ ಮಿತ್ರರಿಗೆ ಎರಡು ಮಾತು. ಮೂಲ ಆಟ ಬಂದಿದ್ದು 2004ರ ನವೆಂಬರಿನಲ್ಲಿ. ವರ್ಷ ಕಳೆದ ಹಾಗೆ ಅದು ಗುರುತು ಸಿಗದಷ್ಟು ಬದಲಾಯ್ತು. ಹಳೇದೇ ಬೇಕು ಅಂತ ಹಠ ಹಿಡಿದವರಿಗಾಗಿ 2019ರ ಆಗಸ್ಟಿನಲ್ಲಿ ಆ ಹಳೇ ರೂಪವನ್ನೇ ಕ್ಲಾಸಿಕ್ ಅಂತ ಮತ್ತೆ ಬಿಟ್ಟರು. ಅದರಲ್ಲಿ 100 ಕಾಪರ್ ಸೇರಿದ್ರೆ 1 ಸಿಲ್ವರ್, 100 ಸಿಲ್ವರ್ ಸೇರಿದ್ರೆ 1 ಗೋಲ್ಡ್. ನಲವತ್ತನೇ ಲೆವೆಲ್ ಆಗೋವರೆಗೂ ಎಲ್ಲಿಗೆ ಹೋಗೋದಿದ್ರೂ ಹೆಚ್ಚಾಗಿ ಕಾಲೇ ಗತಿ. ನಲವತ್ತಕ್ಕೆ ಸವಾರಿ ಕಲಿತು ಒಂದು ಪ್ರಾಣಿ ಕೊಳ್ಳಬಹುದು... ಮನುಷ್ಯರಿಗೆ ಕುದುರೆ, ಓರ್ಕ್‌ಗಳಿಗೆ ತೋಳ, ಡ್ವಾರ್ಫ್‌ಗಳಿಗೆ ಟಗರು! ವೇಗ ಶೇಕಡಾ 60 ಜಾಸ್ತಿ. ಕಲಿಕೆ, ಪ್ರಾಣಿ ಎರಡೂ ಸೇರಿ ಹತ್ತಿರ ಹತ್ತಿರ 100 ಗೋಲ್ಡ್. ಮೌಂಟ್ ಅಂದ್ರೆ ಇದೇ.

ಹನಿಗೂಡಿದರೆ ಹಳ್ಳ ಅಂತ ಕೇಳ್ಕೊಂಡೇ ಬೆಳೆದವರು ನಾವು. ಕೂಡಿಡು ಅನ್ನೋ ಬುದ್ಧಿಮಾತು ಯಾರು ಹೇಳಿದ್ರೂ ಸರಿ ಅನ್ಸುತ್ತೆ. ಆದ್ರೆ ಒಮ್ಮೆ ಲೆಕ್ಕ ಹಾಕಿ ನೋಡಿ.

ಹೊಸಬನಿಗೆ ಆಟ ಕೊಡೋದು 16 ಖಾನೆಯ ಒಂದೇ ಒಂದು ಚೀಲ. ಅದರಲ್ಲಿ ಊರಿಗೆ ವಾಪಸ್ ಕರ್ಕೊಂಡು ಹೋಗೋ ಹಾರ್ತ್‌ಸ್ಟೋನ್ ಒಂದು ಖಾನೆ ತಿನ್ನುತ್ತೆ. ತಿನ್ನೋಕೆ, ಕುಡಿಯೋಕೆ ಎರಡು. ಕ್ವೆಸ್ಟಿನ ತೋಳದ ಹಲ್ಲು, ಕೋಬೋಲ್ಡ್‌ನ ಮೇಣದಬತ್ತಿ ಅಂತ ಮೂರು ನಾಲ್ಕು. ಉಳಿದಿದ್ದು ಹತ್ತೂ ಇಲ್ಲ. ಹತ್ತು ನಿಮಿಷ ಹೊಡೆದಾಡಿದ್ರೆ ತುಂಬಿ ಹೋಯ್ತು! ಆಮೇಲೆ ಒಂದಾ, ಸತ್ತ ಪ್ರಾಣಿ ಮೇಲಿನ ಮಾಲನ್ನ ಅಲ್ಲೇ ಬಿಡಬೇಕು. ಇಲ್ಲಾ, ಮಾರೋಕೆ ಅಂಗಡಿವರೆಗೂ ನಡ್ಕೊಂಡು ಹೋಗಿ ಮತ್ತೆ ನಡ್ಕೊಂಡು ಬರಬೇಕು.

ಆ ಚೀಲದ ಪಕ್ಕ ಇನ್ನೂ ನಾಲ್ಕು ಚೀಲ ಹಾಕೋಕೆ ಜಾಗ ಖಾಲಿ ಇರುತ್ತೆ. ಅಂಗಡಿಯಲ್ಲೇ 6 ಖಾನೆಯ ಚೀಲ 5 ಸಿಲ್ವರಿಗೆ ಸಿಗುತ್ತೆ. ನಾಲ್ಕಕ್ಕೆ 20 ಸಿಲ್ವರ್. 16 ಇದ್ದದ್ದು 40 ಆಯ್ತು. ಮೌಂಟಿಗೆ ಬೇಕಾದ್ದು ಹತ್ತು ಸಾವಿರ ಸಿಲ್ವರ್. ಅಂದ್ರೆ ಈ ಖರ್ಚು ಅದರ ಐನೂರರಲ್ಲಿ ಒಂದು ಪಾಲು! ಇಷ್ಟಕ್ಕೆ "ದುಂದು" ಅಂತಾರಲ್ಲ, ಇವರ ಮನೇಲಿ ತರಕಾರಿ ತರೋಕೆ ಚೀಲ ಕೊಳ್ಳೋಲ್ವಾ? ಅಂಗಡಿಗೂ ಹೋಗಬೇಕಿಲ್ಲ. ಆರು ಲಿನನ್ ಬಟ್ಟೆ ಕೂಡಿಸಿ ಟೇಲರಿಂಗ್ ಕಲಿತವರ ಕೈಗೆ ಕೊಟ್ರೆ, ನೂಲಿನ ಕಾಸು ಇಸ್ಕೊಂಡು ಒಂದು ಲಿನನ್ ಬ್ಯಾಗ್ ಹೊಲಿದು ಕೊಡ್ತಾರೆ. ಎಷ್ಟೋ ಜನ ಪುಕ್ಕಟೆ ಮಾಡಿಕೊಡ್ತಾರೆ, ಅವರಿಗೂ ಕಸುಬಿನ ಅಂಕ ಏರುತ್ತಲ್ಲ.

ಇನ್ನೂ ಒಂದು ಮಾತು. ಇಂಥ ಸಣ್ಣ ಚೀಲ ನಿಮಗೆ ಅಂಟಿಕೊಳ್ಳೋದಿಲ್ಲ. ನಾಳೆ ದೊಡ್ಡದು ಸಿಕ್ಕಿದ್ರೆ ಇದನ್ನ ಮಾರಬಹುದು, ಇನ್ನೊಂದು ಪಾತ್ರಕ್ಕೆ ಕಳಿಸಬಹುದು. ಆಕ್ಷನ್ ಹೌಸಿನಲ್ಲಿ ಕೊಳ್ಳೋ ಹಸಿರು ಅಕ್ಷರದ ಅಂಗಿ, ಬೂಟು, ಕೈಗವಸಿನ ಕಥೆ ಬೇರೆ. ಒಮ್ಮೆ ತೊಟ್ಟರೆ ಅದು ನಿಮ್ಮದೇ, ಬೇರೆಯವರಿಗೆ ಮಾರೋ ಹಾಗಿಲ್ಲ. ಮೂರು ಲೆವೆಲ್ ಆದ ಮೇಲೆ ಯಾವುದೋ ಕ್ವೆಸ್ಟಿನಲ್ಲಿ ಅದಕ್ಕಿಂತ ಒಳ್ಳೇದು ಬಿಟ್ಟಿ ಸಿಗುತ್ತೆ. ಅಂಗಿಗೆ ಕಾಸು ಹಾಕಬೇಡಿ ಅಂತ ಹಿರಿಯರು ಹೇಳಿದ್ರೆ ನಾನೂ ಕೈ ಎತ್ತುತ್ತೀನಿ. ತಕರಾರು ಇರೋದು ಅಂಗಿಯನ್ನೂ ಚೀಲವನ್ನೂ ಒಂದೇ ತಕ್ಕಡಿಯಲ್ಲಿ ತೂಗೋದಕ್ಕೆ.

ಎರಡನೇದು ವಾಂಡ್. ಮೇಜ್, ಪ್ರೀಸ್ಟ್, ವಾರ್‌ಲಾಕ್ ಆಡೋರು ಇದನ್ನ ಗಮನ ಇಟ್ಟು ಓದಿ. ಎನ್‌ಚಾಂಟಿಂಗ್ ಕಲಿತವರು ಮಾಡೋ ಲೆಸ್ಸರ್ ಮ್ಯಾಜಿಕ್ ವಾಂಡ್ ಐದನೇ ಲೆವೆಲಿಗೇ ಹಿಡಿಯಬಹುದು. ಮಾಡೋಕೆ ಬೇಕಾಗೋ ಸಾಮಾನು ಒಂದು ಕಡ್ಡಿ, ಒಂದು ಎಸೆನ್ಸ್, ಅಷ್ಟೇ. ಇದರ ಮಹಿಮೆ ಪೆಟ್ಟಿನಲ್ಲಿ ಮಾತ್ರ ಇಲ್ಲ, ಮಾನಾ ಲೆಕ್ಕದಲ್ಲೂ ಇದೆ. ಕ್ಲಾಸಿಕ್‌ನಲ್ಲಿ ಮಾನಾ ಖರ್ಚು ಮಾಡಿದ ಐದು ಸೆಕೆಂಡ್ ಆದ ಮೇಲೇ ಸ್ಪಿರಿಟ್‌ನಿಂದ ಅದು ಮತ್ತೆ ತುಂಬೋಕೆ ಶುರು. ವಾಂಡ್ ಹೊಡೆತಕ್ಕೆ ಮಾನಾ ಬೇಡ. ಅಂದ್ರೆ ನೀವು ಹೊಡೀತಾನೇ ಇರ್ತೀರಿ, ಹಿಂದೆ ಮಾನಾ ತುಂಬ್ತಾನೇ ಇರುತ್ತೆ! ವಾಂಡ್ ಇಲ್ಲದ ಪ್ರೀಸ್ಟ್ ಎರಡು ತೋಳ ಕೊಂದು ಕೂತು ನೀರು ಕುಡೀಬೇಕು, ಮತ್ತೆ ಎರಡು ಕೊಂದು ಮತ್ತೆ ನೀರು. ಆ ನೀರಿಗೂ ಕಾಸೇ ಅಲ್ವಾ? ಕೂಡಿಡೋರು ಈ ನೀರಿನ ಬಾಬ್ತು ಲೆಕ್ಕಕ್ಕೇ ಹಿಡಿಯೋದಿಲ್ಲ. ಹದಿಮೂರಕ್ಕೆ ಗ್ರೇಟರ್ ಮ್ಯಾಜಿಕ್ ವಾಂಡ್ ಬರುತ್ತೆ, ಅದನ್ನೂ ತಗೊಳ್ಳಿ.

ವಾರಿಯರ್, ಪ್ಯಾಲಡಿನ್, ರೋಗ್‌ಗಳಿಗೆ ಇದೇ ಮಾತು ಆಯುಧಕ್ಕೆ ಅನ್ವಯ. ಪೆಟ್ಟಿನ ಬಹುಪಾಲು ಕೈಯಲ್ಲಿರೋ ಕತ್ತಿಯಿಂದಲೇ ಬರೋದು. ಮೈಮೇಲೆ ಹರಕು ಅಂಗಿ ಇದ್ರೂ ನಡೆಯುತ್ತೆ, ಐದಾರು ಲೆವೆಲ್ ಹಿಂದಿನ ಕೊಡಲಿ ಹಿಡಿದ್ರೆ ನಡೆಯೋದಿಲ್ಲ.

ಇನ್ನು ಗಣಿ ಕಸುಬಿನ ಗುದ್ದಲಿ, ತೊಗಲು ಸುಲಿಯೋ ಚಾಕು. ಎರಡೂ ಒಂದೊಂದು ಸಿಲ್ವರಿಗಿಂತ ಕಡಿಮೆ, ಎರಡೂ ದುಡಿದು ಕೊಡ್ತವೆ. ತೊಗಲು, ಅದಿರು ತುಂಬೋಕೆ ಮತ್ತೆ ಜಾಗ ಬೇಕು, ಚೀಲದ ಮಾತಿಗೇ ಬಂದ್ವಿ ನೋಡಿ :-)

ಈಗ ಸಿಟ್ಟಿನ ಮೂಲಕ್ಕೆ ಬರ್ತೀನಿ. ಈ ಆಟದಲ್ಲಿ ಹಾರ್ಡ್‌ಕೋರ್ ಅಂತ ಅಧಿಕೃತ ರೆಲ್ಮ್‌ಗಳು 2023ರ ಆಗಸ್ಟಿನಲ್ಲಿ ಶುರುವಾದವು. ಅಲ್ಲಿ ಸತ್ರೆ ಸತ್ತ ಹಾಗೇ, ಆ ರೆಲ್ಮ್‌ನಲ್ಲಿ ಮತ್ತೆ ಜೀವ ಬರೋದಿಲ್ಲ. ನನ್ನ ಚಿಕ್ಕಪ್ಪನ ಮಗ, ಮೈಸೂರಿನಲ್ಲಿ ಬಿ.ಇ. ಓದ್ತಿರೋ ಹುಡುಗ, ಅಲ್ಲಿ ಪ್ಯಾಲಡಿನ್ ಆಡ್ತಿದ್ದ. ಹದಿನೇಳನೇ ಲೆವೆಲ್, ವೆಸ್ಟ್‌ಫಾಲ್‌ನ ಹೊಲಗಳಲ್ಲಿ. ಅಲ್ಲಿ ಡಿಫಿಯಾಸ್ ಪಿಲೇಜರ್ ಅಂತ ಕಳ್ಳರಿದ್ದಾರೆ, ದೂರದಿಂದಲೇ ಬೆಂಕಿ ಉಂಡೆ ಎಸೀತಾರೆ. ಹಾರ್ಡ್‌ಕೋರ್ ಆಡಿದವರಿಗೆ ಅವರ ಹೆಸರು ಕೇಳಿದ್ರೇ ನಡುಕ. ಇಬ್ಬರು ಒಟ್ಟಿಗೆ ಬಿದ್ದರು, ಹುಡುಗ ಹೋದ. ಫೋನ್ ಮಾಡಿ "ಅಣ್ಣಾ, ಆರು ಗೋಲ್ಡ್ ಇತ್ತು ಕಣೋ" ಅಂದ. ಆರು ಗೋಲ್ಡ್! ಕೈಯಲ್ಲಿ ಒಂಬತ್ತನೇ ಲೆವೆಲಿನ ಸುತ್ತಿಗೆ. ಎರಡು ಚೀಲದ ಜಾಗ ಖಾಲಿ. ಒಂದೇ ಒಂದು ಹೀಲಿಂಗ್ ಪೋಶನ್ ಇಲ್ಲ. ಕೆಲವು ಸಿಲ್ವರಿಗೆ ಸಿಗೋ ಪೋಶನ್ ಯಾಕೋ ಕೊಳ್ಳಲಿಲ್ಲ ಅಂದ್ರೆ, "ಮೌಂಟಿಗೆ ಕೂಡಿಡ್ತಿದ್ದೆ, ಗಿಲ್ಡಿನವರು ಹೇಳಿದ್ರು."

ನಗಬೇಕೋ ಅಳಬೇಕೋ ಹೇಳಿ. ಪ್ಯಾಲಡಿನ್‌ಗೆ ನಲವತ್ತರಲ್ಲಿ ಕುದುರೆ ಹೆಚ್ಚುಕಮ್ಮಿ ಪುಕ್ಕಟೆ ಬರುತ್ತೆ ರೀ! ಅದು ಆ ಕ್ಲಾಸಿನ ಮಂತ್ರ. ವಾರ್‌ಲಾಕ್‌ಗೂ ಹಾಗೇ. ಯಾರು, ಯಾವ ಕ್ಲಾಸು, ಯಾವ ರೆಲ್ಮ್ ಅಂತ ಒಂದು ಪ್ರಶ್ನೆ ಕೂಡ ಕೇಳದೆ ಎಲ್ಲರಿಗೂ ಒಂದೇ ಮಾತ್ರೆ ಬರೆದು ಕೊಡ್ತಾರಲ್ಲ, ಇವರಿಗೆ ಏನು ಅನ್ನೋದು? ಅವನು ಮತ್ತೆ ಆ ಕಡೆ ತಲೆ ಹಾಕಿಲ್ಲ. ಇದಕ್ಕೆ ತಿಂಗಳು ತಿಂಗಳು ಚಂದಾ ಕಟ್ಟಬೇಕು, ಅಮೆರಿಕದ ದರ 14.99 ಡಾಲರ್. ಪಾಕೆಟ್ ಮನಿಯಲ್ಲಿ ಕಟ್ಟಿದ ದುಡ್ಡದು. ಆಟದೊಳಗಿನ ಕಾಪರ್ ಉಳಿಸೋಕೆ ಹೋಗಿ ನಿಜವಾದ ರೂಪಾಯಿಯಲ್ಲಿ ಬೇಜಾರು ಕೊಂಡ ಹಾಗಾಯ್ತು.

"ನಲವತ್ತಕ್ಕೆ ಬಂದು ಕಾಸಿಲ್ಲದೆ ನಡೆಯೋರ ಪಾಡು ನೋಡಿದ್ದೀಯಾ?" ಅಂತ ಕೇಳ್ತಾರೆ. ನೋಡಿದ್ದೀನಿ, ಪಾಡು ನಿಜ. ಆದ್ರೆ ಆ 100 ಗೋಲ್ಡ್ ಬರೋದು ಯಾವಾಗ? ಹತ್ತನೇ ಲೆವೆಲಿನಲ್ಲಿ ಒಂದು ಹಂದಿ ಕೊಂದ್ರೆ ಕೆಲವು ಕಾಪರ್. ಮೂವತ್ತು ದಾಟಿದ ಮೇಲೆ ಕ್ವೆಸ್ಟಿಗೆ ಹತ್ತಾರು ಸಿಲ್ವರ್, ರೇಷ್ಮೆ ಬಟ್ಟೆ, ಒಳ್ಳೇ ಅದಿರು, ಮಾರೋಕೆ ಸಾಮಾನೇ ಸಾಮಾನು. ಕುದುರೆಯ ಕಾಸಿನ ಬಹುಪಾಲು ಈ ಕಡೇ ಹತ್ತು ಲೆವೆಲಿನಲ್ಲಿ ಹುಟ್ಟೋದು. ಕೂಡಿಡೋರು ಆಗ ಕೂಡಿಡಲಿ. ಹತ್ತರಲ್ಲಿ ಹೊಟ್ಟೆ ಕಟ್ಟಿ ಉಳಿಸಿದ ಒಂದು ಗೋಲ್ಡ್ ಮೂವತ್ತೈದರಲ್ಲಿ ಒಂದು ಸಂಜೆಯ ಸಂಪಾದನೆಯೂ ಅಲ್ಲ.

ಈ ಉಪವಾಸಕ್ಕೆ ಇನ್ನೊಂದು ಕೆಟ್ಟ ಮುಖ ಇದೆ. ಬೇಸತ್ತ ಹುಡುಗರು ಹೊರಗಿನ ಸೈಟುಗಳಲ್ಲಿ ದುಡ್ಡು ಕೊಟ್ಟು ಗೋಲ್ಡ್ ಕೊಳ್ಳೋಕೆ ಹೋಗ್ತಾರೆ. ಅದು ಆಟದ ನಿಯಮಕ್ಕೆ ವಿರುದ್ಧ, ಮಾರಿದವನಷ್ಟೇ ಅಲ್ಲ, ಕೊಂಡವನ ಖಾತೆಗೂ ಬೀಗ ಬೀಳಬಹುದು. "ಮೌಂಟ್ ಇಲ್ಲದೆ ಬದುಕಿಲ್ಲ" ಅಂತ ತಲೆಗೆ ತುಂಬಿದವರು ಯಾರು ಅಂತ ನಾನು ಕೇಳ್ತೀನಿ.

ತರಬೇತಿ ಬಗ್ಗೆಯೂ ಒಂದು ಮಾತು. ಟ್ರೇನರ್ ಹತ್ರ ಇರೋ ಪ್ರತಿ ಮಂತ್ರದ ಪ್ರತಿ ರ್‍ಯಾಂಕ್ ಕೊಳ್ಳಬೇಕಿಲ್ಲ. ಪ್ರತಿ ಜಗಳದಲ್ಲೂ ಒತ್ತೋ ಮೂರು ನಾಲ್ಕು ಗುಂಡಿ ಯಾವುದು ನೋಡಿ, ಅವನ್ನ ಕೊಳ್ಳಿ. ಉಳಿದದ್ದು ಕಾಯಲಿ, ಟ್ರೇನರ್ ಎಲ್ಲೂ ಓಡಿ ಹೋಗಲ್ಲ.

ಬ್ಯಾಂಕಿನಲ್ಲಿ ಚೀಲ ಇಡೋಕೆ ಮೊದಲ ಜಾಗ 10 ಸಿಲ್ವರ್, ಅದನ್ನ ಕಣ್ಣುಮುಚ್ಚಿ ತಗೊಳ್ಳಿ. ಎರಡನೇದು 1 ಗೋಲ್ಡ್, ಇಪ್ಪತ್ತರ ಆಸುಪಾಸು ತಗೊಳ್ಳಬಹುದು. ಮೂರನೇದು ಏಕ್‌ದಂ 10 ಗೋಲ್ಡ್! ಅದರ ಬದಲು ಇನ್ನೊಂದು ಪಾತ್ರ ಹುಟ್ಟುಹಾಕಿ, ಊರಿನ ಅಂಚೆಪೆಟ್ಟಿಗೆ ಹತ್ರ ನಿಲ್ಲಿಸಿ, ಹೆಚ್ಚಿನ ಸಾಮಾನು ಅದಕ್ಕೆ ಕಳಿಸಿ. ಒಂದು ವಸ್ತು ಕಳಿಸೋಕೆ 30 ಕಾಪರ್. ಅದಕ್ಕೂ ನಾಲ್ಕು ಚೀಲ ಹೊಲಿಸೋದು ಮರೀಬೇಡಿ. ನನ್ನ ಅಂಥ ಪಾತ್ರದ ಹೆಸರು 'ಗೋಡೌನ್'. ಒಂದನೇ ಲೆವೆಲ್, ವರ್ಷಗಳಿಂದ ಸ್ಟಾರ್ಮ್‌ವಿಂಡ್ ಬಿಟ್ಟು ಕದಲಿಲ್ಲ :-)