ನಾಲ್ಕನೆಯ ಬಾಗಿಲು

2001ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಮಹಾರಾಷ್ಟ್ರದಲ್ಲಿ ಸುಮಾರು 12.5 ಲಕ್ಷ ಮಂದಿ. 2011ರಲ್ಲಿ ಆ ಸಂಖ್ಯೆ ಸುಮಾರು 10 ಲಕ್ಷಕ್ಕೆ ಇಳಿಯಿತು. ಅದೇ ದಶಕದಲ್ಲಿ ದೇಶದ ಒಟ್ಟು ಕನ್ನಡ ಭಾಷಿಕರು 3.79 ಕೋಟಿಯಿಂದ 4.37 ಕೋಟಿಗೆ ಏರಿದ್ದರು. ಪುಣೆಯಲ್ಲಿ ನೆಲೆಸಿರುವ ನಾವು ಈ ಇಳಿಕೆಯನ್ನು ಕಂಡು ನಿಟ್ಟುಸಿರಿಡುವುದಕ್ಕೆ ಮೊದಲು ಅದನ್ನು ಓದುವ ಬಗೆಯನ್ನು ಕಲಿಯಬೇಕು.

ಜನಸಂಖ್ಯಾಶಾಸ್ತ್ರದ ಮೊದಲ ಪಾಠ ಸರಳವಾದುದು. ಒಂದು ಪ್ರದೇಶದ ಜನಸಂಖ್ಯೆ ಬದಲಾಗುವುದು ಮೂರೇ ಬಾಗಿಲುಗಳಿಂದ: ಜನನ, ಮರಣ, ವಲಸೆ. ಭಾಷಿಕರ ಲೆಕ್ಕಕ್ಕೆ ಮಾತ್ರ ನಾಲ್ಕನೆಯ ಬಾಗಿಲೊಂದುಂಟು. ಯಾರೂ ಸಾಯದೆ, ಯಾರೂ ಊರು ಬಿಡದೆ, ಕೇವಲ ಉತ್ತರ ಬದಲಾದರೂ ಸಂಖ್ಯೆ ಕರಗುತ್ತದೆ. 2.5 ಲಕ್ಷದ ಈ ಇಳಿಕೆಯಲ್ಲಿ ಯಾವ ಬಾಗಿಲಿನ ಪಾಲು ಎಷ್ಟೆಂಬುದನ್ನು ಒಟ್ಟು ಮೊತ್ತವೊಂದೇ ಹೇಳಲಾರದು.

ಜನಗಣತಿಯ ವ್ಯಾಖ್ಯೆಯಂತೆ, ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ನುಡಿಯೇ ಮಾತೃಭಾಷೆ. ಆದರೆ ಬಹುಪಾಲು ಮನೆಗಳಲ್ಲಿ ಎಲ್ಲರ ಪರವಾಗಿ ಉತ್ತರಿಸುವವರು ಒಬ್ಬರೇ. ಗಣತಿದಾರರು ಮರಾಠಿಯಲ್ಲಿ ಕೇಳುತ್ತಾರೆ, ನಾವೂ ಮರಾಠಿಯಲ್ಲಿಯೇ ಉತ್ತರಿಸುತ್ತೇವೆ. ಆ ಸರಾಗದಲ್ಲಿ ಮನೆಯ ಅಜ್ಜಿಯ ಕನ್ನಡವೂ ಮರಾಠಿಯಾಗಿ ದಾಖಲಾದರೆ ತಪ್ಪು ನಮ್ಮದೇ. ಇಲ್ಲಿಯೇ ಹುಟ್ಟಿದ ಮೂರನೆಯ ತಲೆಮಾರು ವಲಸಿಗರ ಪಟ್ಟಿಯಲ್ಲಿಯೂ ಸಿಗುವುದಿಲ್ಲ. ಮಾತೃಭಾಷೆಯ ಕಾಲಂನಲ್ಲಿಯೂ ಅವರು ಕಾಣದಿದ್ದರೆ, ಲೆಕ್ಕದ ಮಟ್ಟಿಗೆ ಅವರು ಕನ್ನಡಿಗರೇ ಅಲ್ಲ.

ಸಂಖ್ಯೆಯಿಂದ ಭಾಷೆಯ ಬೆಲೆ ಕಟ್ಟಬಾರದೆಂದು ಕೆಲವರು ವಾದಿಸಬಹುದು. ಸಾಹಿತ್ಯದ ಮಟ್ಟಿಗೆ ಅದು ನಿಜ, ಹಕ್ಕುಗಳ ಮಟ್ಟಿಗೆ ಅಲ್ಲ. ಶಾಲೆಯೊಂದರಲ್ಲಿ 40 ಅಥವಾ ತರಗತಿಯೊಂದರಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಏರ್ಪಾಡು ಮಾಡಬೇಕೆಂಬ ಸೂತ್ರ 1949ರಷ್ಟು ಹಿಂದಿನದು. ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗಾಗಿ ದನಿಯೆತ್ತುವಾಗ ನಮ್ಮ ಕೈಯಲ್ಲಿರಬೇಕಾದದ್ದು ಅಭಿಮಾನದ ಜೊತೆಗೆ ಅಂಕಿಯೂ ಹೌದು.

ಈ ವಿಷಯದಲ್ಲಿ ನಮ್ಮ ಊರೇ ನಮಗೆ ಗುರು. ಧನಂಜಯ ರಾಮಚಂದ್ರ ಗಾಡಗೀಳರು ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆಯ ಮೂಲಕ ಪುಣೆಯ ಕುಟುಂಬಗಳ ಸಾಮಾಜಿಕ, ಆರ್ಥಿಕ ಸಮೀಕ್ಷೆ ನಡೆಸಿ, ಅದನ್ನು 1945 ಮತ್ತು 1952ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದರು. ಇಡೀ ನಗರವನ್ನು ಎಣಿಸದೆಯೂ, ಕ್ರಮವಾಗಿ ಆಯ್ದ ಮನೆಗಳಿಂದ ನಗರವನ್ನು ಅರಿಯಬಹುದೆಂಬ ನಂಬಿಕೆ ಆ ಕೆಲಸದ ಹಿಂದಿತ್ತು.

ಅಂಥ ಸಮೀಕ್ಷೆಯೊಂದನ್ನು ನಾವೂ ಚಿಕ್ಕ ಪ್ರಮಾಣದಲ್ಲಿ ಕೈಗೊಳ್ಳಬೇಕೆಂಬುದು ನಮ್ಮ ಸಲಹೆ. ಎಚ್ಚರವೊಂದೇ: ರಾಜ್ಯೋತ್ಸವದ ಸಭಾಂಗಣದಲ್ಲಿ ಹಾಳೆ ಹಂಚಿದರೆ ಅದು ಸಮೀಕ್ಷೆಯಾಗದು. ಅಲ್ಲಿಗೆ ಬರುವವರು ಕನ್ನಡವನ್ನು ಉಳಿಸಿಕೊಂಡವರು. ಕಳೆದುಕೊಂಡವರು ಬರುವುದೇ ಇಲ್ಲ. ಹಾಗಾಗಿ ಸದಸ್ಯರ ಪಟ್ಟಿಯನ್ನು ದಾಟಿ, ಸಭೆಗೆ ಬಾರದವರ ಮನೆಗೂ ಹೋಗಬೇಕು. ವಯಸ್ಸನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಅರವತ್ತು ದಾಟಿದವರು ಓದಬಲ್ಲರೇ, ಹತ್ತರ ಮಕ್ಕಳು ಮಾತನ್ನಾದರೂ ಆಡಬಲ್ಲರೇ ಎಂದು ಕೇಳಬೇಕು. ನಾಲ್ಕನೆಯ ಬಾಗಿಲು ಎಷ್ಟು ತೆರೆದಿದೆಯೆಂಬುದು ಆ ಎರಡು ಉತ್ತರಗಳ ಅಂತರದಿಂದ ತಿಳಿಯುತ್ತದೆ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನಾಂಕವೆಂದು ಸರ್ಕಾರ ಗೊತ್ತುಪಡಿಸಿದೆ. ನಾವು ಸಂಖ್ಯೆಯನ್ನು ಉಬ್ಬಿಸಬೇಕೆಂದು ಹೇಳುತ್ತಿಲ್ಲ. ತಾಯಿ ಮರಾಠಿಯವರಾದ ಮಗುವಿನ ಮಾತೃಭಾಷೆ ಮರಾಠಿಯೇ ಆಗಿದ್ದರೆ ಹಾಗೆಯೇ ಬರೆಸೋಣ. ತಂದೆಯಿಂದ ಕಲಿತ ಕನ್ನಡಕ್ಕೆ, ತಿಳಿದಿರುವ ಇತರ ಭಾಷೆಗಳ ಕಾಲಂನಲ್ಲಿ ಜಾಗವಿರುತ್ತದೆ. ಆ ಜಾಗವನ್ನು ಖಾಲಿ ಬಿಡದಿರುವುದಷ್ಟೇ ನಮ್ಮ ಕೆಲಸ. ಆದರೆ ಆ ಮಗುವಿಗೆ ಕನ್ನಡ ನಿಜವಾಗಿಯೂ ಬರುತ್ತದೆಯೇ ಎಂಬ ಪ್ರಶ್ನೆಗೆ ಗಣತಿದಾರರು ಬರುವ ಮೊದಲೇ ನಮ್ಮ ಮನೆಗಳಲ್ಲಿ ಉತ್ತರ ಸಿದ್ಧವಾಗಬೇಕು.