ಬಾಡಿಗೆಯಿಂದ ಇಎಂಐ ಕಟ್ಟೋ ಲೆಕ್ಕ

ಪ್ಲೇಸ್‌ಮೆಂಟ್ ಶುರುವಾದಾಗಿನಿಂದ ಕ್ಯಾಂಟೀನಿನಲ್ಲಿ ಒಂದೇ ಮಾತು. ಆಫರ್ ಲೆಟರ್ ಸಿಕ್ಕ ಸೀನಿಯರ್‌ಗಳು "ಬೆಂಗಳೂರಲ್ಲೇ ಒಂದು ಫ್ಲಾಟ್ ತಗೊಂಡು ಬಾಡಿಗೆಗೆ ಬಿಡೋಣ, ಇಎಂಐನ ಬಾಡಿಗೆನೇ ಕಟ್ಕೊಳ್ಳುತ್ತೆ" ಅಂತಾರೆ. ಮನೆಯಲ್ಲೂ ಹೂಂ ಅಂತಾರೆ, ಯಾಕಂದ್ರೆ ನಮ್ಮ ಕಡೆ ದುಡ್ಡು ಹಾಕೋದು ಅಂದ್ರೆ ಸೈಟು, ಮನೆ, ಚಿನ್ನ, ಅಷ್ಟೇ. ಈ ಲೆಕ್ಕ ತಪ್ಪು ಅನ್ನೋದು ನಮ್ಮ ವಾದ. ನಾವೇನೂ ಹಣಕಾಸು ತಜ್ಞರಲ್ಲ. ಆದರೆ ಆ ಬಾಡಿಗೆ ಕಟ್ಟೋರು ನಮ್ಮಂಥವರೇ.

50 ಲಕ್ಷದ ಫ್ಲಾಟ್ ಅಂತ ಇಟ್ಟುಕೊಳ್ಳೋಣ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 80ನ್ನು ಮೀರುವಂತಿಲ್ಲ. ಅಂದರೆ 40 ಲಕ್ಷ ಸಾಲ, 10 ಲಕ್ಷ ಕೈಯಿಂದ. ಅದರ ಮೇಲೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಒಟ್ಟು 3.8 ಲಕ್ಷ, ಇದೂ ಸಾಮಾನ್ಯವಾಗಿ ಕೈಯಿಂದಲೇ.

ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಇಎಂಐ ಸುಮಾರು 34,700 ರೂಪಾಯಿ. (ಪಿಯುಸಿಯಲ್ಲಿ ಉರು ಹೊಡೆದ ಜ್ಯಾಮೆಟ್ರಿಕ್ ಪ್ರೋಗ್ರೆಶನ್ ಮೊದಲ ಸಲ ಉಪಯೋಗಕ್ಕೆ ಬಂತು.) ಮೊದಲ ಕಂತಿನಲ್ಲಿ 28,333 ಬರೀ ಬಡ್ಡಿ. ಬಾಡಿಗೆ ಧಾರಾಳವಾಗಿ 18,000 ಅಂತಲೇ ಹಿಡಿಯಿರಿ. ವರ್ಷಕ್ಕೊಂದು ತಿಂಗಳು ಮನೆ ಖಾಲಿ, ಆಸ್ತಿ ತೆರಿಗೆ, ಪೇಂಟಿಂಗು, ಬ್ರೋಕರು, ಕೆಟ್ಟ ಮೋಟಾರು ಎಲ್ಲ ಕಳೆದರೆ ತಿಂಗಳಿಗೆ 15,000 ಉಳಿದರೆ ಪುಣ್ಯ. ಅದು ಬಡ್ಡಿಗೇ ಸಾಲಲ್ಲ. ಮಿಕ್ಕ 20 ಸಾವಿರ ಪ್ರತಿ ತಿಂಗಳೂ ಫ್ರೆಶರ್ ಸಂಬಳದಿಂದ ಹೋಗಬೇಕು.

"ಟ್ಯಾಕ್ಸ್ ಉಳಿಯುತ್ತಲ್ಲ" ಅನ್ನೋದು ಹಳೆ ಮಾತು. ಬಾಡಿಗೆ ಆದಾಯದಲ್ಲಿ ಶೇ 30 ಕಡಿತ ಸಿಗುತ್ತೆ, ಸಾಲದ ಬಡ್ಡಿನೂ ಕಳೆಯಬಹುದು, ನಿಜ. ಆದರೆ ಈಗ ತಾನಾಗೇ ಅನ್ವಯವಾಗೋ ಹೊಸ ತೆರಿಗೆ ಪದ್ಧತಿಯಲ್ಲಿ, ಹಾಗೆ ಕಳೆದು ಬರೋ ನಷ್ಟವನ್ನು ಸಂಬಳದ ಜೊತೆ ಹೊಂದಿಸೋಕೆ ಬರಲ್ಲ.

ಬೆಲೆ ಏರಬಹುದು, ಒಪ್ಪೋಣ. ಆದರೆ ಅದು ಮಾರಿದ ದಿನ ಕೈಗೆ ಬರೋ ದುಡ್ಡು, ಐದನೇ ತಾರೀಖು ಇಎಂಐ ಕಟ್ಟೋ ದುಡ್ಡಲ್ಲ. ಅಪ್ಪನ ಸೈಟಿನ ಮೇಲೆ ಇನ್ನೊಂದು ಮಹಡಿ ಎತ್ತಿ ಬಾಡಿಗೆಗೆ ಬಿಡೋರ ಕಥೆ ಬೇರೆ. ಅಲ್ಲಿ ಜಾಗಕ್ಕೆ ಸಾಲ ಇಲ್ಲ, ಲೆಕ್ಕ ಸರಿಹೋಗುತ್ತೆ.

ಸರಿಹೋಗದವರು ಏನು ಮಾಡ್ತಾರೆ? ಇದನ್ನ ನಾವು ಹತ್ತಿರದಿಂದ ನೋಡಿದ್ದೀವಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳೋ ರೂಢಿ ಇದೆ. 18,000 ಬಾಡಿಗೆಗೆ 1.8 ಲಕ್ಷ. ಅದು ಬಾಡಿಗೆದಾರರ ದುಡ್ಡು, ವಾಪಸ್ ಕೊಡಬೇಕಾದ ಸಾಲ. ಆದರೆ ಇಎಂಐ ಒತ್ತಡದಲ್ಲಿರೋ ಮಾಲೀಕರ ಕೈಯಲ್ಲಿ ಅದು ಮೊದಲ ವರ್ಷವೇ ಕರಗುತ್ತೆ. ಕಳೆದ ವರ್ಷ ನಾವು ನಾಲ್ಕು ಜನ ಮನೆ ಬಿಟ್ಟಾಗ "ಮುಂದಿನವರು ಬಂದ ಮೇಲೆ ಕೊಡ್ತೀನಪ್ಪಾ" ಅಂದರು ಮಾಲೀಕರು. ಮೂರು ತಿಂಗಳು ಅಲೆದೆವು. ಕೊನೆಗೆ ಪೇಂಟಿಂಗ್ ಅಂತ ಒಂದಷ್ಟು ಹಿಡಿದುಕೊಂಡೇ ಕೊಟ್ಟರು. ನಮ್ಮಲ್ಲೊಬ್ಬ ಆ ದುಡ್ಡನ್ನೇ ಸೆಮಿಸ್ಟರ್ ಫೀಸಿಗೆ ನೆಚ್ಚಿಕೊಂಡಿದ್ದ. ಅವನ ಅಮ್ಮ ಬಳೆ ಅಡ ಇಟ್ಟರು. ಮಾಲೀಕರು ಕೆಟ್ಟವರೇನಲ್ಲ, ಹಬ್ಬಕ್ಕೆ ಹೋಳಿಗೆ ಕಳಿಸಿದ್ದೋರು. ಅವರ ಲೆಕ್ಕದ ತೂತು ನಮ್ಮ ದುಡ್ಡಿನಿಂದ ಮುಚ್ಚಿತ್ತು, ಅಷ್ಟೇ.

ಭೋಗ್ಯ ಇನ್ನೂ ಅಪಾಯ. ಬಾಡಿಗೆ ಇಲ್ಲದೆ ಒಂದೇ ಸಲ ಲಕ್ಷಗಟ್ಟಲೆ ಇಸ್ಕೊಂಡು ಬೇರೆ ಸಾಲ ತೀರಿಸ್ತಾರೆ. ಆಮೇಲೆ ಹಳಬರಿಗೆ ಕೊಡೋಕೆ ಹೊಸಬರು ಬರಬೇಕು. ಮನೆಸಾಲದ ಕಂತು ನಿಂತರೆ ಬ್ಯಾಂಕಿನ ನೋಟಿಸು ಅಂಟೋದು ಒಳಗಿರೋ ಸಂಸಾರದ ಬಾಗಿಲಿಗೆ. ಕೇಂದ್ರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನು ಮಾಡಿಕೊಂಡರಷ್ಟೇ ಜಾರಿ.

ಹಾಗಾಗಿ ಮನೆ ಕೊಳ್ಳಲೇಬೇಕು ಅನ್ನೋ ಸೀನಿಯರ್‌ಗಳಿಗೆ ನಮ್ಮ ಬೇಡಿಕೆ ಇಷ್ಟು: ಅಡ್ವಾನ್ಸನ್ನು ಬೇರೆ ಎಫ್‌ಡಿಯಲ್ಲಿಡಿ, ಡೌನ್ ಪೇಮೆಂಟಿಗೆ ಸೇರಿಸಬೇಡಿ. ಆರು ತಿಂಗಳ ಇಎಂಐ ಕೈಯಲ್ಲಿಲ್ಲದೆ ಸಹಿ ಹಾಕಬೇಡಿ. ಖಾತಾ ಎ ನಾ ಬಿ ನಾ, ಇಸಿಯಲ್ಲಿ ಹಳೆ ಸಾಲ ಏನಾದರೂ ಇದೆಯಾ ನೋಡಿ. ಆಮೇಲೆ ಒಂದು ಭಾನುವಾರ ಅದೇ ಬೀದಿಗೆ ಹೋಗಿ ಅಲ್ಲಿ ಬಾಡಿಗೆಗಿರೋರನ್ನ ಮಾತಾಡಿಸಿ. ಬಾಡಿಗೆ ನಿಜಕ್ಕೂ ಎಷ್ಟು, ಎದುರು ಮನೆ ಎಷ್ಟು ತಿಂಗಳಿಂದ ಖಾಲಿ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಟ್ಟರು, ಎಲ್ಲ ಹೇಳ್ತಾರೆ. ಬ್ರೋಕರ್ ಇದ್ಯಾವುದನ್ನೂ ಹೇಳಲ್ಲ.